ಐದು ಬಿಂದಿಗೆ ನೀರಿನ ಪರ್ಮಿಟ್ಟು

ಜನ್ಮದಲ್ಲಿ ನಾನು ಸರ್ಕಾರಕ್ಕೆ ಬರೆದಿರುವುದು ಒಂದೇ ಅರ್ಜಿ. ಅದೂ ಐದು ಬಿಂದಿಗೆ ನೀರಿಗೆ. ಮೊಮ್ಮಗಳು ಮೊನ್ನೆ ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿಸಿಕೊಟ್ಟಳು. ಒಂದು ಹೆಬ್ಬೆರಳಿನಲ್ಲೇ ಕುಟ್ಟುತ್ತಿದ್ದೇನೆ, ತಪ್ಪಿದ್ದರೆ ಹೆಬ್ಬೆರಳನ್ನು ಬಯ್ಯಿರಿ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಹಾಸನದ ನಮ್ಮ ಮನೆಯಲ್ಲಿ ಮಗಳು ಸವಿತಳ ಮದುವೆ, ಗಂಡು ಚನ್ನರಾಯಪಟ್ಟಣದವನು. ನಮ್ಮಲ್ಲಿ ಮದುವೆಗೆ ಮೊದಲು ಐದು ಜನ ಮುತ್ತೈದೆಯರು ಗಂಗೆ ಪೂಜೆ ಮಾಡಿ ನೀರು ತರಬೇಕು. ಆ ನೀರಿಲ್ಲದೆ ಕಳಸ ಕೂರುವುದಿಲ್ಲ, ಕಳಸ ಕೂರದೆ ಹಸೆಮಣೆ ಇಲ್ಲ. ಬೀದಿಯ ಬಾವಿಗೆ ಎಂದೋ ಚಪ್ಪಡಿ ಎಳೆದಿದ್ದರು, ನಲ್ಲಿ ವಾರದಿಂದ ಬರೀ ಗೊರಗುಟ್ಟುತ್ತಿತ್ತು. ಅಡುಗೆಗೆ ಟ್ಯಾಂಕರ್ ನೀರು ತುಂಬಿಸಿದ್ದೆವು. ಅದರಲ್ಲೇ ಶಾಸ್ತ್ರ ಮುಗಿಸೋಣ ಎಂದೆ. ಮೊಸಳೆ ಗ್ರಾಮದ ಹೆಣ್ಣಾದ ನಮ್ಮತ್ತೆ ಕಣ್ಣು ಬಿಟ್ಟರು.

"ಡ್ರಮ್ಮಲ್ಲಿ ನಿಂತಿರೋ ನೀರ್ಗೆ ಅರಿಸ್ನ ಕುಂಕ್ಮ ಇಕ್ಕೀಯೇನೇ? ಗಂಗೆ ಭೂಮಿಯಿಂದ ಎದ್ದು ಬರ್ಬೇಕು. ಇಲ್ದಿದ್ರೆ ಮದ್ವೆ ಮುಂದಕ್ಕಾಕು!"

ಬೀದಿಯಲ್ಲಿ ಭೂಮಿಯಿಂದ ನೀರು ಎದ್ದು ಬರುವ ಜಾಗ ಒಂದೇ ಉಳಿದಿತ್ತು. ಮೂಲೆಯಲ್ಲಿದ್ದ, ಬೆಂಕಿ ಆರಿಸುವವರ ಕೆಂಪು ಕೊಳಾಯಿ ಕಂಬ; ಅದರ ಪೈಪು ನಲ್ಲಿಯದಲ್ಲ, ಬೇರೆ. ಅದಕ್ಕೆ ಎಲ್ಲರೂ ಕರು ಕಟ್ಟಿದ್ದರೇ ಹೊರತು ಕೈ ಮುಗಿದವರಿರಲಿಲ್ಲ. ಅದರ ನೀರು ಮುಟ್ಟಲು ಪರ್ಮಿಟ್ ಬೇಕಂತೆ. ನಾನು ನಗರಸಭೆ ಕಚೇರಿಗೆ ಹೋದೆ. ಭಗೀರಥ ಪುಣ್ಯವಂತ, ಅವನದು ಬರೀ ತಪಸ್ಸಿನಲ್ಲಿ ಮುಗಿಯಿತು. ನನಗೆ ಫಾರಂ ಕೊಟ್ಟರು. ಯಾತಕ್ಕೆ ನೀರು ಎಂಬಲ್ಲಿ ರಸ್ತೆ ಕೆಲಸ, ಕಟ್ಟಡ, ಸರ್ಕಸ್ ಎಂದಿತ್ತು. ಮದುವೆ ಸರ್ಕಸ್ಸಿಗೆ ಹತ್ತಿರವೇ ಆದರೂ ನಾನು "ಗಂಗೆ ಪೂಜೆ" ಎಂದೇ ಬರೆದೆ.

"ಪೈಪ್ ಎಷ್ಟಿಂಚು?" ಎಂದರು ಗುಮಾಸ್ತರು.

"ಬಿಂದಿಗೆ ಬಾಯಿ ಎಷ್ಟಗ್ಲ ಅದೋ ಅಷ್ಟು ಬರ್ಕಳಿ ಸಾ."

ಅವರು ನಗು ನುಂಗಿಕೊಂಡು, "ಸೈನ್ ಆಗೋಕೆ ಒಂದು ವಾರ ಆಗುತ್ತಮ್ಮ" ಎಂದರು. ಮದುವೆ ನಾಡಿದ್ದು!

ಅಲ್ಲಿಂದ ನೇರ ಅಗ್ನಿಶಾಮಕ ಠಾಣೆಗೆ ಹೋಗಿ, ಪೈಪು ಸುತ್ತುತ್ತಿದ್ದ ಬೂವನಹಳ್ಳಿಯ ಸಿಬ್ಬಂದಿಯೊಬ್ಬರ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತುಬಿಟ್ಟೆ. ಸ್ವಲ್ಪ ಬೇಕಂತಲೇ ಅತ್ತಿದ್ದು, ಸುಳ್ಳೇಕೆ.

"ಪರ್ಮಿಟ್ಟು ನೀರು ತಗಳೋರ್ಗೆ ಕಣಕ್ಕ," ಎಂದರು ಅವರು. "ಟೆಸ್ಟ್ ಮಾಡಕ್ಕೆ ನಾವೇ ತಿಂಗ್ಳಿಗೊಂದ್ಸಲ ತಿರುಗುಸ್ತೀವಿ. ಆ ನೀರು ಚರಂಡಿಗೋಯ್ತದೆ. ಮಧ್ಯದಲ್ಲಿ ಯಾರಾರ ಬಿಂದ್ಗೆ ಇಡ್ಕಂಡಿದ್ರೆ ನಂಗೇನ್ ಗೊತ್ತು? ನಾಳೆ ಬೆಳಿಗ್ಗೆ ನಿಮ್ ಬೀದಿ ಟೆಸ್ಟು."

ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆಯುಟ್ಟು ಕಂಬಕ್ಕೆ ಅರಿಸಿನ ಬಳಿದು, ಕುಂಕುಮವಿಟ್ಟು, ವೀಳ್ಯದೆಲೆ ಬಾಳೆಹಣ್ಣು ಇಟ್ಟರು. ನಿಮ್ಮಾಣೆ, ಆ ಮನುಷ್ಯ ಬೂಟು ಬಿಚ್ಚಿಟ್ಟು ಬಂದು ಕಂಬದ ಕೀಲಿ ತಿರುಗಿಸಿದರು. ನಾವು ಐವರೂ ಬಾವಿಯಿಂದ ನೀರು ತರುವವರ ಹಾಗೆ ಸೆರಗು ಹೊದ್ದು ನಯವಾಗಿ ಬಿಂದಿಗೆ ಒಡ್ಡಿದೆವು. ಬೆಂಕಿಯನ್ನು ಅಟ್ಟಿಸಿಕೊಂಡು ಹೋಗುವ ನೀರಿಗೆ ನಯ ನಾಜೂಕು ಯಾರು ಕಲಿಸಿದ್ದಾರೆ? ನನ್ನ ಕೈಯ ಬಿಂದಿಗೆ ಹಾರಿ ಚರಂಡಿಗೆ ಬಿತ್ತು. ಅತ್ತೆ ನಡುನೆತ್ತಿಯಿಂದ ಕಾಲುಂಗುರದವರೆಗೆ ತೊಯ್ದುಹೋದರು. ಅತ್ತೆ ಮುಖ ಒರೆಸಿಕೊಂಡರು.

"ಇವ್ಳೇ ಕಣ್ರೇ ಗಂಗೆ! ಎಷ್ಟ್ ಸೊಕ್ಕು ನೋಡ್ರೇ! ಇಡೀರಿ, ಇಡೀರಿ!"

ಬಿಂದಿಗೆ ತೊಳೆದು ಹಿಡಿದೆವು. ಕಳಸ ಕೂತಿತು, ಮದುವೆಯೂ ಆಯಿತು.

ಪರ್ಮಿಟ್ಟು ಬಂದದ್ದು ಆಮೇಲೆ, ಸೀಲು ಸಹಿ ಸಮೇತ. ಅತ್ತೆ ಎರಡು ಸಲ ಓದಿಸಿದರು. ಕೊನೆಯಲ್ಲಿ ಒಂದು ಷರತ್ತು: ಎಲ್ಲಾದರೂ ಬೆಂಕಿ ಬಿದ್ದಲ್ಲಿ ಅರ್ಜಿದಾರರು ನೀರನ್ನು ಕೂಡಲೇ ಬಿಟ್ಟುಕೊಡತಕ್ಕದ್ದು.

"ನಾವಾಗ್ಲೇ ಬಳಸ್ಬುಟ್ವಲ್ಲೇ!" ಎಂದರು ಅತ್ತೆ, ಗಾಬರಿಯಿಂದ.

ಅದು ಬರೀ ಕಾಗದ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಂದಿನಿಂದ ಬದುಕಿರುವ ತನಕ ದಿನಾ ಒಂದು ತುಂಬಿದ ಬಿಂದಿಗೆ ಜಗಲಿಯ ಮೇಲೆ ಇಡುತ್ತಿದ್ದರು. ಬೀದಿಯಲ್ಲಿ ಬೆಂಕಿಯೇನೂ ಬೀಳಲಿಲ್ಲ. ಪೋಸ್ಟಿನವರು, ಸೊಪ್ಪು ಮಾರುವವಳು, ಬಸ್ಸು ತಪ್ಪಿಸಿಕೊಂಡ ಅರಕಲಗೂಡಿನವರು, ಎಲ್ಲರೂ ಅದರಲ್ಲೇ ಬಗ್ಗಿಸಿಕೊಂಡು ಕುಡಿದರು. ಅತ್ತೆ ಯಾರನ್ನೂ ಬೇಡ ಎನ್ನುತ್ತಿರಲಿಲ್ಲ. ಒಳಗಿನಿಂದ ಕೂಗಿ ಹೇಳುತ್ತಿದ್ದರು, ಅಷ್ಟೇ:

"ಒಟ್ಟೆ ತುಂಬ ಕುಡೀರಪ್ಪ. ಬೆಂಕಿಗೆ ಒಂಚೂರು ಉಳ್ಸಿ."