ಫಾಯಿಲ್ ಅಂಟಿಸಿದ ಕಿಟಕಿ

ಬೇಕರಿಯ ಮುಂದೆ ಬಿಸಿ ಬನ್ನಿನ ಜೊತೆ ಏಲಕ್ಕಿಯ ವಾಸನೆ ಬಂದರೆ ಈಗಲೂ ನನಗೆ ಹಸಿವಿಗಿಂತ ಮೊದಲು ಸಿಟ್ಟು ಬರುತ್ತದೆ. ತೊಂಬತ್ತರ ದಶಕದಲ್ಲಿ ನಾವು ಅಲ್ ರಯ್ಯಾನ್‌ನಲ್ಲಿದ್ದೆವು. ಪಕ್ಕದ ವಿಲ್ಲಾದಲ್ಲಿ ಅಪ್ಪನ ಬಾಸ್, ಫಿನ್ಲೆಂಡಿನ ಇಂಜಿನಿಯರ್. ಅವರ ಹೆಂಡತಿ ಐನೋ ಆಂಟಿ. ಗಲ್ಫ್‌ನಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಅಲ್ಲಿ ಬಿಸಿಲು ತಡೆಯಲು ಕಿಟಕಿಗಳಿಗೆ ಒಳಗಿನಿಂದ ಅಡುಗೆಯ ಫಾಯಿಲ್ ಅಂಟಿಸುತ್ತಾರೆ. ಅಮ್ಮ ಕೆಲಸ ಮುಗಿದ ಮೇಲೆ ಅಡುಗೆಮನೆಯ ಫಾಯಿಲಿನ ಒಂದು ಮೂಲೆ ಬಿಡಿಸುತ್ತಿದ್ದಳು. ‘ಬನ್ನಿ’ ಎನ್ನುವುದಕ್ಕೆ ಅದೇ ಗುರುತು. ಆಂಟಿ ಏಲಕ್ಕಿ ಹಾಕಿದ ಬನ್ನು ಹಿಡಿದು ಬರುತ್ತಿದ್ದರು. ಆ ಊರಿನಲ್ಲಿ ಅಮ್ಮನಿಗಿದ್ದ ಗೆಳತಿ ಅವರೊಬ್ಬರೇ.

ಒಮ್ಮೆ ಆ ಮೂಲೆಗೆ ಬೆರಳು ತೋರಿಸಿ ಆಂಟಿ “ಇಕ್ಕುನಾ” ಎಂದರು, ಅವರ ಭಾಷೆಯಲ್ಲಿ ಕಿಟಕಿ. ಅವರ ಕಡೆಯ ಹಳೆಯ ಮನೆಗಳಲ್ಲಿ ಹೊಗೆ ಹೋಗಲು ಒಂದು ಕಿಂಡಿಯಿದ್ದರೆ ಸಾಕಾಗಿತ್ತಂತೆ. ಕಿಟಕಿಯ ಹೆಸರು ಪೂರ್ವದ ನೆರೆಯವರ, ಹಳೆಯ ರಷ್ಯನ್ನರ ಮಾತಿನಿಂದ ಬಂದದ್ದಂತೆ. “ಪಕ್ಕದ ಮನೆಯಿಂದ ತಂದೆವು, ವಾಪಸ್ ಕೊಡೋದು ಮರೆತೆವು” ಎಂದು ನಕ್ಕರು. “ಅದನ್ನ ನೀವೇ ಇಟ್ಕೊಳ್ಳಿ, ನನ್ನ ಇಡ್ಲಿ ತಟ್ಟೆ ಮಾತ್ರ ಕೊಟ್ಬಿಡಿ” ಎಂದಳು ಅಮ್ಮ, ತನ್ನ ಮೈಸೂರು ಇಂಗ್ಲಿಷಿನಲ್ಲಿ. ಈ ಕಥೆ ಆಂಟಿಯೇ ಹೇಳಿದ್ದೋ, ಯೂನಿವರ್ಸಿಟಿಯಲ್ಲಿ ಓದಿದ್ದನ್ನು ನಾನೇ ಅವರ ಬಾಯಿಗೆ ಹಾಕಿದ್ದೇನೋ, ಖಚಿತವಿಲ್ಲ. ಆಮೇಲೆ ನಡೆದದ್ದರ ಬಗ್ಗೆ ಅಂಥ ಅನುಮಾನವಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಮ್ಮ ಮನೆಯ ಕತ್ತಲೆಯ ವಿಷಯ ಆಂಟಿ ಗಂಡನಿಗೆ ಹೇಳಿದರು. ಅವರು ಕನಿಕರದಿಂದಲೇ ಅಪ್ಪನನ್ನು ವಿಚಾರಿಸಿದರು. “ನಮ್ಮನೆ ಕತ್ತಲೆ ಅಂತ ನನ್ನ ಬಾಸ್ ಬಾಯಲ್ಲಿ ಕೇಳ್ಬೇಕಾ ನಾನು? ಖಲಾಸ್, ಇನ್ನು ಆ ಸಹವಾಸ ಬೇಡ” ಎಂದು ಅಪ್ಪ ಎರಡು ಪದರ ಫಾಯಿಲ್ ಹಾಕಿ ಸುತ್ತ ಟೇಪು ಮೆತ್ತಿದರು. ಇಡೀ ದಿನ ಗಾಜಿನ ಕಟ್ಟಡದಲ್ಲಿ ಕೂರುವವರಿಗೆ ಹೆಂಡತಿಯ ಒಂದು ಗೇಣು ಬೆಳಕು ಹೆಚ್ಚಾಗಿ ಕಂಡಿತು. ಆಂಟಿ ಕೇಳಿದರೆ ಏನು ಹೇಳಬೇಕೆಂದು ನನಗೂ ಕಲಿಸಿದರು.

ಆಂಟಿ ಕೇಳಿದರು. ಸ್ಕೂಲ್ ಬಸ್ಸು ನಿಲ್ಲುವಲ್ಲಿ ಬಿಸಿಲಲ್ಲಿ ಕಾದು ನಿಂತು, ಅಮ್ಮನಿಗೆ ತನ್ನ ಮೇಲೆ ಬೇಸರವೇ ಎಂದು ಕೇಳಿದರು. ಅಮ್ಮನಿಗೆ ಯಾರೂ ಬರುವುದು ಇಷ್ಟವಿಲ್ಲ ಎಂದೆ, ಶುದ್ಧ ಇಂಗ್ಲಿಷಿನಲ್ಲಿ. ಅವರು ನನ್ನ ತಲೆ ಸವರಿ ಹೋದರು.

ಸಂಜೆ ಅಮ್ಮ ಮೆಲ್ಲಗೆ ಕೇಳಿದಳು: “ಆಂಟಿ ಸಿಕ್ಕಿದ್ರೇನೋ? ಏನಾದ್ರೂ ಕೇಳಿದ್ರಾ?”

ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಇಲ್ಲ ಎಂದೆ. ಮುಂದಿನ ಬೇಸಿಗೆಗೆ ಆಂಟಿ, ಅವರ ಗಂಡ ತಮ್ಮ ಊರಿಗೆ ಹೊರಟುಹೋದರು. ಅಮ್ಮ ತೀರಿಕೊಳ್ಳುವವರೆಗೂ, ಆಂಟಿ ತನ್ನ ಬಗ್ಗೆ ಒಂದು ಸಲವೂ ಕೇಳಲಿಲ್ಲವೆಂದೇ ನಂಬಿದ್ದಳು.