ಅವ್ವ ಕೇಳಿದ ಕೂಗು

ಶಕುನ, ಸೂಚನೆ, ಗಾಳಿಸೋಂಕು ಎಂದರೆ ನಗುವವಳು ನಾನು. ಚಳ್ಳಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಇದನ್ನು ಓದಿ ನೀವು ನಕ್ಕರೆ ನನ್ನ ತಕರಾರಿಲ್ಲ.

ಕೆಲವು ವರ್ಷಗಳ ಹಿಂದೆ ಅವ್ವನಿಗೆ ಊಟ ಸೇರದಾಯಿತು. ಮೊಳಕಾಲ್ಮುರು ಕಡೆ, ದೇವಸಮುದ್ರದ ಹತ್ತಿರ ಅಣ್ಣನ ಜೊತೆ ಕುರಿ ನೋಡಿಕೊಂಡಿದ್ದವಳನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಬಾಯಿಂದ ಪೈಪು ಇಳಿಸಿ ನೋಡಿದ ಡಾಕ್ಟರು ಜಠರದ ಗೋಡೆಯಲ್ಲಿ ಗಡ್ಡೆ ಇದೆ, ಕ್ಯಾನ್ಸರ್ ಇರಬಹುದು, ಆಪರೇಷನ್ ಮಾಡದೆ ಖಚಿತವಾಗುವುದಿಲ್ಲ ಎಂದರು.

ಆಪರೇಷನ್ನಿನ ಹಿಂದಿನ ಸಂಜೆ ಅವ್ವ ಹಟ ಹಿಡಿದಳು.

"ಕೊಯ್ಯಬ್ಯಾಡ್ರಿ ಅಂತ ಹೇಳವ್ವ. ಅದು ಗಡ್ಡೆ ಅಲ್ಲ, ಮರಿ. ಬ್ಯಾರೆ ಹಿಂಡಿಂದ ತಪ್ಪಿಸ್ಕೊಂಡು ಬಂದೈತೆ. ಕೂಗ್ತೈತೆ."

ನಮ್ಮಲ್ಲಿ ಆಪರೇಷನ್ನಿಗೂ ಕೊಯ್ಯುವುದು ಎನ್ನುತ್ತಾರೆ, ಕುರಿಗೂ ಅದೇ ಮಾತು. ಬೇರೆಯವರ ಮರಿ ನಮ್ಮ ಹಿಂಡು ಸೇರಿಕೊಂಡರೆ ಸಾಕಬೇಕು, ಹುಡುಕಿ ಬಂದರೆ ಕೊಡಬೇಕು, ಕೊಯ್ಯುವಂತಿಲ್ಲ. ಇದು ಮನೆಯ ಕಟ್ಟುಪಾಡು. ಭಯಕ್ಕೆ ಅವ್ವನ ತಲೆಯಲ್ಲಿ ಎರಡೂ ಕಲಸಿಕೊಂಡಿವೆ ಎಂದುಕೊಂಡೆ.

"ಹೊಟ್ಟೆ ಗುಡುಗುಡು ಅಂತೈತೆ ಅಷ್ಟೇ, ಸುಮ್ನಿರವ್ವ."

"ಕಿವಿಯಿಟ್ಟು ಕೇಳು."

ಅವಳ ಸಮಾಧಾನಕ್ಕೆಂದು ಕಿವಿಯಿಟ್ಟೆ. ತಾಯಿಯಿಂದ ದೂರವಾದ ಮರಿ ಸಂಜೆ ಹೊತ್ತು ಕೂಗುವ ಸಣ್ಣ ದನಿ ಕೇಳಿಸಿತು. ಕುರಿ ಸಾಕುವ ಮನೆಯಲ್ಲಿ ಬೆಳೆದವಳಿಗೆ ಆ ದನಿ ಗೊತ್ತಿಲ್ಲವೆ? ಮತ್ತೆ ಕಿವಿಯಿಟ್ಟೆ, ಮತ್ತೆ ಕೂಗಿತು. ಇದನ್ನು ಡಾಕ್ಟರಿಗೆ ಯಾವ ಬಾಯಲ್ಲಿ ಹೇಳಲಿ? ನಾನು ತಡೆದು, ಅದು ಕ್ಯಾನ್ಸರೇ ಆಗಿದ್ದು, ಅವ್ವ ಹೋಗಿಬಿಟ್ಟರೆ? ಅಣ್ಣ ಸಹಿ ಹಾಕಿದ. ನಾನು ಪಕ್ಕದಲ್ಲಿ ನಿಂತಿದ್ದೆ.

ಗಡ್ಡೆ ತೆಗೆದರು. ರಿಪೋರ್ಟು ಬಂದಾಗ ಡಾಕ್ಟರೇ ಅಚ್ಚರಿಪಟ್ಟರು.

"ಕ್ಯಾನ್ಸರ್ ಅಲ್ಲಮ್ಮ. ಮೇದೋಜೀರಕ ಗ್ರಂಥಿಯ ಚೂರು. ಗರ್ಭದಲ್ಲಿದ್ದಾಗಲೇ ತನ್ನ ಜಾಗ ತಪ್ಪಿ ಇಲ್ಲಿ ಬಂದು ಸೇರ್ಕೊಂಡಿದೆ. ಅಪರೂಪ. ನೋಡೋಕೆ ಗಡ್ಡೆ ಥರಾನೇ ಇರುತ್ತೆ."

ಅವ್ವ ಚೆನ್ನಾಗಿದ್ದಾಳೆ, ಊಟವೂ ಸೇರುತ್ತದೆ. ಕೊಯ್ದಿದ್ದಕ್ಕೆ ಯಾರನ್ನು ದೂರಲಿ? ಆ ಸಂಜೆ ಕೇಳಿಸಿದ್ದು ಕರುಳಿನ ಸದ್ದು ಎಂದು ತರಗತಿಯಲ್ಲಾದರೆ ಚಿತ್ರ ಬರೆದು ವಿವರಿಸುತ್ತಿದ್ದೆ. ನನಗೆ ನಾನೇ ವಿವರಿಸಿಕೊಳ್ಳಲು ಇವತ್ತಿಗೂ ಆಗಿಲ್ಲ.

ಊರಿಗೆ ಹೋದಾಗಲೆಲ್ಲ ಅವ್ವ ಕೇಳುತ್ತಾಳೆ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದು.

"ನಿಂಗೂ ಕೇಳಿಸ್ತು ಅಲ್ಲೇನವ್ವ? ಮತ್ಯಾಕ್ ಸುಮ್ನಿದ್ದೆ?"