ಭಾವ ಎರಕ ಹೊಯ್ಸಿದ ಕಾವಲಿ

ನನ್ನ ಗಂಡನ ಅಣ್ಣ ಕೃಷ್ಣರಾಜನನ್ನು ಯಾರಾದರೂ ‘ಎಂಥ ದೊಡ್ಡ ಮನುಷ್ಯ’ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನಲ್ಲಿ ದೊಡ್ಡದು ಅಂತ ಇದ್ದದ್ದು ಹೊಟ್ಟೆ, ಮತ್ತೆ ಬಾಯಿ. ಭಾವನನ್ನು ‘ಅವರು’ ಅನ್ನಬೇಕಂತೆ. ನಾನು ಅನ್ನುವುದಿಲ್ಲ. ಬೇಕಾದರೆ ಕೇಳಿ, ಬೇಡದಿದ್ದರೆ ಎದ್ದು ಹೋಗಿ.

ಉಡುಪಿ ಕಡೆಯಿಂದ ಅವನು ಕಲ್ಕತ್ತೆಗೆ ಬಂದದ್ದು ಹೋಟೆಲಿನ ತಟ್ಟೆ ತೊಳೆಯಲಿಕ್ಕೆ. ಹೌರಾದ ಕಬ್ಬಿಣ ಎರಕದ ಶೆಡ್ಡುಗಳಿಗೆ ಚಹಾ ಹೊತ್ತು ಹೊತ್ತು, ಮಾಲೀಕರ ಕೈಕಾಲು ಹಿಡಿದು, ಕಡೆಗೆ ಅಂಥದೇ ಒಂದು ಮುರುಕು ಶೆಡ್ಡಿಗೆ ಯಜಮಾನನಾದ. ಆಮೇಲೆ ಅವನ ಜಂಬ ನೋಡಬೇಕಿತ್ತು ಮಾರಾಯ್ರೆ! ಖಿದಿರ್‌ಪುರದ ಮನೆಯಲ್ಲಿ ಊಟಕ್ಕೆ ಕೂತರೂ ಕಬ್ಬಿಣದ್ದೇ ಪುರಾಣ.

ಮಾಡುತ್ತಿದ್ದದ್ದು ಎಂತ? ಚರಂಡಿ ಮುಚ್ಚಳ. ಒದ್ದೆ ಮರಳಿನಲ್ಲಿ ಅಚ್ಚು ಒತ್ತಬೇಕು, ಕುಲುಮೆಗೆ ಕೋಕ್ ಇದ್ದಲು, ಗುಜರಿ ಕಬ್ಬಿಣ ಸುರಿದು ಕರಗಿಸಬೇಕು, ನೀರಾದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯಬೇಕು. ಮರಳಿನಲ್ಲಿ ನೀರು ಹೆಚ್ಚಾಯಿತೋ, ಆವಿ ಎದ್ದು ಕಬ್ಬಿಣದಲ್ಲಿ ತೂತು ಬೀಳುತ್ತದೆ. ಮರಳು ಹದ ಮಾಡುವ ಪುರುಸೊತ್ತು ಭಾವನಿಗೆಲ್ಲಿ? ತೂತಿಗೆ ಮೇಣ, ಕಬ್ಬಿಣದ ಹುಡಿ, ಮಸಿ ಕಲಸಿ ಮೆತ್ತಿಸುತ್ತಿದ್ದ, ಮೇಲೆ ಕಪ್ಪು ಬಣ್ಣ ಬಳಿಸುತ್ತಿದ್ದ. “ಚರಂಡಿ ಮುಚ್ಚಳವನ್ನು ಯಾರು ಒಲೆಗೆ ಇಡ್ತಾರೆ ಮುಕ್ತಾ?” ಅಂತ ನನ್ನೆದುರೇ ಹಲ್ಲು ಕಿರಿದಿದ್ದ, ನಾಚಿಕೆಗೆಟ್ಟವನು.

ಆ ಮುಚ್ಚಳ ಕೊಳ್ಳುತ್ತಿದ್ದವನು ಒಂದು ಹಡಗು ಕಂಪನಿಯ ಗುದಾಮಿನ ಘೋಷಾಲ್ ಬಾಬು. ಒಂದು ಪೆಟ್ಟಿಗೆ ಸಂದೇಶ್ ಮಿಠಾಯಿ ಕೊಟ್ಟರೆ ಮುಚ್ಚಳದ ಮುಖವನ್ನೂ ನೋಡದೆ ಸುಣ್ಣದಕಡ್ಡಿಯಲ್ಲಿ ಅದರ ಮೇಲೆ ‘ಸರಿ ಇದೆ’ ಅಂತ ಸಹಿ ಗೀಚುತ್ತಿದ್ದ. ಆ ಗುದಾಮಿನ ಕ್ಯಾಂಟೀನು ಯಾರಿಗೆ ಅನ್ನುವುದೂ ಅವನ ಕೈಯಲ್ಲೇ ಇತ್ತು. ಗಂಡ ತೀರಿಹೋಗಿ ಭಾವನ ಹಂಗಿನ ಕೂಳು ತಿನ್ನುತ್ತಿದ್ದ ನನಗೆ ಆ ಕ್ಯಾಂಟೀನು ಬೇಕೇಬೇಕಿತ್ತು. ಅದು ಸಿಕ್ಕಿದರೆ ನನ್ನ ಅನ್ನ ನನ್ನದು.

“ವಿಶ್ವಕರ್ಮ ಪೂಜೆಯ ದಿನ ದೋಸೆ ಹೊಯ್ದು ತೋರಿಸಿ, ರುಚಿ ನೋಡಿ ಹೇಳ್ತೇನೆ” ಅಂದ ಬಾಬು. ಬಂಗಾಳದಲ್ಲಿ ಅವತ್ತು ಕುಲುಮೆಗೆಲ್ಲ ರಜೆ, ಆಕಾಶದ ತುಂಬ ಗಾಳಿಪಟ. ಗುದಾಮಿನ ಅಂಗಳದಲ್ಲಿ ಒಲೆ ಹಚ್ಚಿ, ನನ್ನ ಹಳೇ ಕಾವಲಿ ಇಟ್ಟೆ. ಅಷ್ಟರಲ್ಲಿ ಭಾವ ಕೈಗಾಡಿಯಲ್ಲಿ ಹೊಸ ಕಾವಲಿ ಹೇರಿಸಿಕೊಂಡು ಬಂದ. ಅದಕ್ಕೆ ಚೆಂಡುಹೂವಿನ ಮಾಲೆ ಬೇರೆ!

“ನನ್ನ ಶೆಡ್ಡಿನದ್ದು. ಇರುವೆ ಹೋಗುವಷ್ಟು ತೂತಿಲ್ಲ, ನೋಡಿ ಬಾಬು” ಅಂದ.

“ಭಾವ, ಹೊಸ ಕಾವಲಿಯನ್ನು ಎಣ್ಣೆ ಹಚ್ಚಿ ನಾಲ್ಕು ದಿನ ಪಳಗಿಸಬೇಕು” ಅಂದೆ.

“ಕಬ್ಬಿಣದ ವಿಷಯ ನನಗೆ ಹೇಳಲಿಕ್ಕೆ ಬರಬೇಡ” ಅಂತ ಹಳೇ ಕಾವಲಿಯನ್ನು ಚಪ್ಪಲಿ ಕಾಲಿನಲ್ಲಿ ಒಲೆಯಿಂದ ಆಚೆ ತಳ್ಳಿ, ಹೊಸದನ್ನು ಇಡಿಸಿದ. ಅನ್ನ ಕೊಡುವ ಕಾವಲಿಗೆ ಕಾಲು! ಬಾಬುವಿನ ಎದುರು ರಂಪ ಬೇಡ ಅಂತ ಕೆಂಡ ಊದಿದೆ.

ಕಾವಲಿ ಬಿಸಿಯಾಯಿತು. ಮೊದಲು ದೀಪ ಆರಿದ ಹಾಗೆ ಒಂದು ವಾಸನೆ ಬಂತು. ಆಮೇಲೆ ನಟ್ಟನಡುವೆ ಕಪ್ಪಗೆ ಏನೋ ಕರಗಿ ಹರಿಯಿತು. ನನಗೆ ಏನೂ ತೋಚಲಿಲ್ಲ, ಬಟ್ಟೆಯಲ್ಲಿ ಒರೆಸಿ ಹಿಟ್ಟು ಹೊಯ್ದೇಬಿಟ್ಟೆ. ಹಿಟ್ಟು ಬೆರಳು ಗಾತ್ರದ ತೂತಿನಿಂದ ಸೊರ್ರನೆ ಇಳಿದು ಕೆಂಡದ ಮೇಲೆ ಬಿತ್ತು. ಆಗ ಅರ್ಥವಾಯಿತು. ಇವನು ಮೇಣ ಮೆತ್ತಿ ಅಂತ ಹೇಳಬೇಕಾಗಿಯೇ ಇರಲಿಲ್ಲ. ಶೆಡ್ಡಿನಿಂದ ಹೊರಗೆ ಹೋಗುವುದಕ್ಕೆಲ್ಲ ಮೇಣ ಮೆತ್ತುವುದು ಅಲ್ಲಿಯವರಿಗೆ ಅಭ್ಯಾಸವೇ ಆಗಿಹೋಗಿತ್ತು. ಅದು ಚರಂಡಿಗೋ ಒಲೆಗೋ ಅಂತ ಕೇಳುವವರು ಯಾರು?

ಬಾಬು ಮೂಗು ಮುಚ್ಚಿಕೊಂಡ. ಭಾವನ ಮುಖ ಬಿಳಿಚಿತು. ಆದರೂ ಬಾಯಿ ಸೋಲಬೇಕಲ್ಲ! “ಇವಳಿಗೆ ಬೆಂಕಿ ಮಾಡಲಿಕ್ಕೇ ಗೊತ್ತಿಲ್ಲ ಬಾಬು. ಕಾವಲಿ ಸುಟ್ಟು ಹಾಳುಮಾಡಿದಳು. ಕ್ಯಾಂಟೀನು ಇವಳ ಕೈಲಿ ಆಗುವ ಕೆಲಸ ಅಲ್ಲ. ಬೇರೆಯವರಿಗೆ ಕೊಡಿ” ಅಂದ.

ಸುಮ್ಮನಿದ್ದರೆ ಕ್ಯಾಂಟೀನು ಹೋಯಿತು, ಬಾಯಿ ಬಿಟ್ಟರೆ ತಲೆ ಮೇಲಿನ ಸೂರು ಹೋಯಿತು. ಹೋಗಲಿ, ಹಾಳಾಗಲಿ! ಅಂಗಳದ ಮೂಲೆಯಲ್ಲಿ ಅವನ ಮುಚ್ಚಳಗಳನ್ನು ಪೇರಿಸಿಟ್ಟಿದ್ದರು. ಒಂದು ಸಣ್ಣದನ್ನು ಎಳೆದು ತಂದು ಅದೇ ಒಲೆ ಮೇಲೆ ಇಟ್ಟೆ. “ಬಾಬು, ಇದಕ್ಕೂ ನಾನೇ ಬೆಂಕಿ ಮಾಡ್ತೇನೆ, ನೋಡಿ” ಅಂತ ನನ್ನ ಹರಕು ಬಂಗಾಳಿಯಲ್ಲಿ ಹೇಳಿದೆ.

“ಮುಕ್ತಾ, ಮನೆ ಮರ್ಯಾದೆ!” ಅಂತ ಭಾವ ಕನ್ನಡದಲ್ಲಿ ಹಲುಬಿದ. ಈಗ ನೆನಪಾಯಿತು ಮನೆ, ಈಗ ನೆನಪಾಯಿತು ಕನ್ನಡ! ಮುಚ್ಚಳದಿಂದ ಮೇಣ ಇಳಿಯಿತು, ಒಂದು ಕಡೆ ಅಲ್ಲ, ಮೂರು ನಾಲ್ಕು ಕಡೆ. ಸುತ್ತ ನಿಂತ ಹಮಾಲಿಗಳು ನೋಡಿದರು. ದಿನವೂ ಮೂಟೆ ಹೊತ್ತು ಅಂಥ ಮುಚ್ಚಳಗಳ ಮೇಲೇ ನಡೆಯುವವರು ಅವರು. ಮುಚ್ಚಳದ ಮೇಲೆ ಘೋಷಾಲನ ಸಹಿ ಇನ್ನೂ ಹಾಗೇ ಇತ್ತು.

ಬಾಬು ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದ. “ಸೋಮವಾರದಿಂದಲೇ ಕ್ಯಾಂಟೀನು ಶುರುಮಾಡಿ ದಿದಿ. ಈ ಮಾತು ಇಲ್ಲಿಗೇ ಬಿಡಿ.” ಅಯ್ಯೋ ಪಾಪ, ದೋಸೆ ತಿನ್ನದೆಯೇ ರುಚಿ ಗೊತ್ತಾಗಿಬಿಟ್ಟಿತು ಅವನಿಗೆ!

“ಮೊದಲು ಅಂಗಳದ ಮುಚ್ಚಳ ಬದಲಾಯಿಸಿ. ಆಮೇಲೆ ಒಲೆ ಹಚ್ಚುತ್ತೇನೆ” ಅಂದೆ. ಹಮಾಲಿಗಳು ಅಲ್ಲಿಂದ ಕದಲಲಿಲ್ಲ.

ಮುಚ್ಚಳಗಳು ಬದಲಾದವು. ಹಳೆಯವನ್ನು ಭಾವನೇ ನಿಂತು ಸುತ್ತಿಗೆಯಿಂದ ಒಡೆಸಿ ಕುಲುಮೆಗೆ ಹಾಕಿಸಿದ, ಈ ಸಲ ಮರಳು ಹದ ಮಾಡಿಸಿದ. ನನ್ನ ಟ್ರಂಕು ಮಾತ್ರ ಅವತ್ತು ಸಂಜೆಯೇ ಬೀದಿಗೆ ಬಂತು. ಕ್ಯಾಂಟೀನಿನ ಹಿಂದಿನ ಕೋಣೆಯಲ್ಲೇ ಸಂಸಾರ ಹೂಡಿದೆ.

ಒಂದು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವನೇ ಬಂದು ಬೆಂಚಿನ ಮೇಲೆ ಕೂತ. ಕ್ಷಮೆ ಕೇಳಲಿಕ್ಕೆ ಬಂದನೋ ಏನೋ ಅಂದುಕೊಂಡೆ, ನನ್ನ ದಡ್ಡತನ. ಒಂದು ದೋಸೆ ಹಾಕಿದೆ, ತಿಂದ. ಇನ್ನೊಂದು ಹಾಕಿದೆ, ಅದನ್ನೂ ತಿಂದ. ಕೈ ತೊಳೆದು, ಬಾಯಿ ಒರೆಸಿಕೊಂಡು, “ಉಪ್ಪು ಸ್ವಲ್ಪ ಕಡಿಮೆ” ಅಂತ ಹೇಳಿ ಹೋದ.